ಟಿವಿಯಲ್ಲಿ ಬಂದ ಹುಳು ಮನೆ

ಆ ದಿನ ಟಿವಿಯಲ್ಲಿ ಕಂಡದ್ದು ಚಿಕ್ಕಮ್ಮನ ಹುಳು ಮನೆಯೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಅದೇ ಇರಬೇಕು ಎಂದು ಒಮ್ಮೊಮ್ಮೆ ಅನಿಸುತ್ತದೆ. ಆದರೆ ಆ ಭಾನುವಾರದ ಬಗ್ಗೆ ನನಗೆ ನೆನಪಿದೆ ಎಂದುಕೊಂಡಿರುವ ಎಷ್ಟೋ ಸಂಗತಿಗಳು ಆಮೇಲೆ ಬೇರೆಯವರ ಬಾಯಿಂದ ಬಂದು ನನ್ನ ತಲೆಯಲ್ಲಿ ಸೇರಿಕೊಂಡವು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ನಾನು ಗಳಿಸಿದ್ದು ಒಂದೇ ಚಟ: ಯಾರು ಏನು ಹೇಳಿದರೂ, ನನಗೆ ನಾನೇ ಹೇಳಿಕೊಂಡರೂ, ಆಧಾರ ಏನು ಎಂದು ಕೇಳುವುದು.

ಚಿಕ್ಕಮ್ಮನ ಊರು ರಾಯಲ್ಪಾಡಿನ ಹತ್ತಿರ. ಮಾವಿನ ತೋಪಿಗೆ ಅಂಟಿಕೊಂಡು ಹಿಪ್ಪುನೇರಳೆ ತೋಟ, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆ. ಹುಳು ಇರುವಷ್ಟು ದಿನ ಹೊರಗಿನವರು ಅಲ್ಲಿ ಕಾಲಿಡುವಂತಿಲ್ಲ. ಮನೆಯವರೂ ಬಾಗಿಲಲ್ಲಿ ಹರಡಿದ ಸುಣ್ಣ ತುಳಿದು, ಕೈ ತೊಳೆದೇ ಒಳಗೆ ಹೋಗಬೇಕು. ಸಾವಿನ ಮನೆಗೆ ಹೋಗಿ ಬಂದವರಂತೂ ಆ ಕಡೆ ಸುಳಿಯಬಾರದು.

ಮನೆಯವರೆಲ್ಲ ಮುಳಬಾಗಿಲಿಗೆ ಮದುವೆಗೆ ಹೋಗಿದ್ದ ಒಂದು ದಿನ, ಚಿಕ್ಕಮ್ಮ ಒಬ್ಬಳೇ ಇದ್ದಾಗ, ಕಾರಿನಲ್ಲಿ ಇಬ್ಬರು ಬಿಳಿಯರೂ ಬೆಂಗಳೂರಿನ ಒಬ್ಬ ಹೆಂಗಸೂ ಬಂದರಂತೆ. ಬ್ರಿಟನ್ನಿನ ಯಾವುದೋ ಚಾನೆಲ್ಲಿನವರು. ಬಟ್ಟೆ ಎಲ್ಲಿಂದ ಬರುತ್ತದೆ ಎಂದು ಅಲ್ಲಿನ ಮಕ್ಕಳಿಗೆ ತೋರಿಸಬೇಕಿತ್ತಂತೆ. ಚಿಕ್ಕಮ್ಮ ಅವರನ್ನು ಹುಳು ಮನೆಯ ಹೊಸ್ತಿಲ ಹೊರಗೇ ನಿಲ್ಲಿಸಿ, ಅಲ್ಲಿಂದಲೇ ಚಿತ್ರ ತೆಗೆಯಲು ಬಿಟ್ಟಳಂತೆ. ಆ ಸಲದ ಹುಳುಗಳು ಗೂಡು ಕಟ್ಟುವ ಮೊದಲೇ ಸಪ್ಪೆ ರೋಗ ಹತ್ತಿ ಸತ್ತವು. ಎಲ್ಲವನ್ನೂ ಗುಂಡಿಗೆ ಹಾಕಿ ಮುಚ್ಚಿದರು.

ಚಿಕ್ಕಮ್ಮನ ಅತ್ತೆಯನ್ನು ನಾವೆಲ್ಲ ಅವ್ವ ಎನ್ನುತ್ತೇವೆ. ಪರಕೀಯರು ಒಳಗೆ ಹೋಗಿದ್ದಕ್ಕೇ ಹೀಗಾಯಿತು ಎಂದು ಅವ್ವ ತೀರ್ಮಾನಿಸಿ, ಹುಳು ಮನೆಯ ಬೀಗದ ಕೈಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮದುವೆಯಾಗಿ ಬಂದಾಗಿನಿಂದ ಹುಳು ಸಾಕಿದ್ದ ಚಿಕ್ಕಮ್ಮನಿಗೆ ಸೊಪ್ಪು ಕುಯ್ದು ತಂದು ಬಾಗಿಲ ಹೊರಗೆ ಇಡುವ ಕೆಲಸ ಮಾತ್ರ ಉಳಿಯಿತು.

"ಟಿವೀಲಿ ಬರ್ತದೆ, ನಿಮ್ಮ ಕಣ್ಣಲ್ಲೇ ನೋಡಿ ಅತ್ತಮ್ಮ," ಎಂದಿದ್ದಳು ಚಿಕ್ಕಮ್ಮ. "ಅವರು ಹೊಸ್ತಿಲು ದಾಟಿದ್ರೆ ನಾನು ಆ ಬೀಗದ ಕೈ ಮತ್ತೆ ಕೇಳಲ್ಲ."

ಬೆಂಗಳೂರಿನ ಆ ಹೆಂಗಸು ಫೋನ್ ಮಾಡಿ, ಭಾನುವಾರದ ಕುಟುಂಬ ಕಾರ್ಯಕ್ರಮಗಳ ನಡುವೆ ಬರುತ್ತದೆ, ಎಷ್ಟು ಹೊತ್ತಿಗೆ ಎಂದು ತಿಳಿಯದು ಎಂದಳಂತೆ. ಇಂಗ್ಲಿಷು ಬಿಡಿಸಿ ಹೇಳಲು ಕೋಲಾರದಿಂದ ನನ್ನನ್ನು ಕರೆಸಿದರು. ನನಗೆ ನಂಬಿಕೆ ಇರಲಿಲ್ಲ. ಕ್ಯಾಮೆರಾ ಹಿಡಿದವರೆಲ್ಲ ಚಾನೆಲ್ಲಿನವರೇ ಏನು? ಶಿವಾರಪಟ್ಟಣದಲ್ಲಿ ಕಲ್ಲು ಕೆತ್ತುವ ಒಬ್ಬರ ಮನೆಗೂ ಹೀಗೆ ಯಾರೋ ಬಂದು ಹೋಗಿದ್ದರು. ಯಾವ ಟಿವಿಯಲ್ಲೂ ಏನೂ ಬರಲಿಲ್ಲ ಎಂದು ಕೇಳಿದ್ದೆ.

ಅಲ್ಲಿ ಬೆಳಗಾಗುವಾಗ ನಮಗೆ ಮಧ್ಯಾಹ್ನ. ಚಿಕ್ಕಮ್ಮನ ಮಗಳು ಮೊಬೈಲಿನಿಂದ ಏನೋ ಮಾಡಿ ಆ ಚಾನೆಲ್ಲನ್ನು ಟಿವಿಗೆ ಹಾಕಿದಳು. ಊಟದ ತಟ್ಟೆ ಹಿಡಿದೇ ಕೂತೆವು. ಮೊದಲು ಬಟ್ಟೆಯ ಕರಡಿಗಳು ಹಲ್ಲುಜ್ಜಿದವು. ಆಮೇಲೆ ಅಪ್ಪ, ಅಮ್ಮ, ಮಕ್ಕಳು ಸೇರಿ ಕೇಕು ಮಾಡುವ ಪಂದ್ಯ. ನಂತರ ಯಜಮಾನನ ಹಾಸಿಗೆ ಬಿಟ್ಟು ಏಳದ ನಾಯಿಗೆ ಬುದ್ಧಿ ಕಲಿಸುವುದು. ಪಟ್ಟಣ ಬಿಟ್ಟು ದ್ವೀಪದಲ್ಲಿ ಕುರಿ ಸಾಕಲು ಹೋದ ಒಂದು ಸಂಸಾರ. ಅವ್ವನಿಗೆ ಅವರೆಲ್ಲರ ಮೇಲೂ ಅನುಮಾನ. ಅದಕ್ಕಿಂತ ಹೆಚ್ಚು ನನ್ನ ಮೇಲೆ.

"ಅವನು ಅಷ್ಟುದ್ದ ಮಾತಾಡ್ದ, ನೀನು ಎರಡು ಮಾತಲ್ಲಿ ಮುಗಿಸ್ದೆ. ಮಿಕ್ಕಿದ್ದು ಎಲ್ಲಿ ಮಡಗ್ದೆ?"

ಸಂಜೆಯ ಹೊತ್ತಿಗೆ ಪಕ್ಕದ ಮನೆಯಾಕೆಯೂ ಬಂದು ಕೂತಳು. ಆಗಲೇ ತೆರೆಯ ಮೇಲೆ ಹುಳುಗಳು ಬಂದವು. ಸೊಪ್ಪಿನ ಮೇಲೆ, ದಪ್ಪಗೆ, ಬೆಳ್ಳಗೆ. ಅವ್ವ ಮೊದಲು ತಿರುಗಿದ್ದು ಪಕ್ಕದ ಮನೆಯಾಕೆಯ ಕಡೆಗೆ. ಬೆಳಿಗ್ಗೆ ಆಕೆ ಶ್ರೀನಿವಾಸಪುರದಲ್ಲಿ ಒಂದು ಸಾವಿಗೆ ಹೋಗಿ ಬಂದಿದ್ದಳು.

"ಸ್ವಲ್ಪ ಆಚೆ ಹೋಗಮ್ಮಾ, ಹುಳ ಬಂದವೆ."

ಆಕೆ ಎದ್ದು ಕಂಬದ ಹಿಂದೆ ನಿಂತಳು. ಯಾರೂ ನಗಲಿಲ್ಲ.

ಉದ್ದನೆಯ ಕೋಣೆ, ಹುಳು ಹರಡುವ ಸಾಲು ಸಾಲು ಬಿದಿರಿನ ತಟ್ಟುಗಳು, ಸೊಪ್ಪು ಉದುರಿಸುವ ಒಂದು ಹೆಂಗಸಿನ ಕೈ. ಮುಖ ತೋರಿಸಲಿಲ್ಲ. ಮರುಕ್ಷಣವೇ ಒಬ್ಬ ಬಿಳಿ ಹುಡುಗಿಯ ಅಂಗೈ ಮೇಲೆ ಹುಳು. ಸುತ್ತ ಮುತ್ತಿದ ಮಕ್ಕಳು ಮೂಗು ತಾಗುವಷ್ಟು ಬಾಗಿದ್ದರು.

"ಮುಟ್ಟವ್ರೆ ನೋಡು," ಎಂದರು ಅವ್ವ. "ಕೈಯೂ ತೊಳೆದಿಲ್ಲ."

"ಅದು ಅವರ ಇಸ್ಕೂಲು ಅತ್ತಮ್ಮ. ಆ ಹುಳ ನಮ್ದಲ್ಲ."

"ಯಾರ್ದು ಅಂತ ಹುಳದ ಮೇಲೆ ಬರೆದದಾ?"

ಚಿಕ್ಕಮ್ಮ ನನ್ನ ಕಡೆ ನೋಡಿದಳು. "ನೀನು ಹೇಳಪ್ಪ, ಓದ್ದೋನು."

ಒಂದು ಕಡೆ ತೆಗೆದ ಚಿತ್ರಕ್ಕೆ ಇನ್ನೊಂದು ಕಡೆಯದನ್ನು ಅಂಟಿಸುತ್ತಾರೆ, ಆ ಮಕ್ಕಳು ಇಲ್ಲಿಗೆ ಬಂದಿಲ್ಲ ಎಂದು ವಿವರಿಸಿದೆ. ಆದರೆ ಕ್ಯಾಮೆರಾ ಹೊಸ್ತಿಲ ಹೊರಗಿತ್ತೋ ಒಳಗಿತ್ತೋ ಹೇಳಲಾಗದು ಎಂದೂ ಸೇರಿಸಿದೆ. ಅದು ನಿಜವಾಗಿತ್ತು.

"ಇದನ್ನ ಹೇಳಕ್ಕೆ ಕೋಲಾರದಿಂದ ಬಸ್ಸು ಹತ್ತಿ ಬರ್ಬೇಕಿತ್ತಾ?" ಎಂದರು ಅವ್ವ. ಚಿಕ್ಕಮ್ಮ ಕುಡುಗೋಲು ತೆಗೆದುಕೊಂಡು ಸೊಪ್ಪಿಗೆ ಹೊರಟಳು. ಟಿವಿಯಲ್ಲಿ ಇನ್ನೊಂದು ಸಂಸಾರ ಮಳೆಯಲ್ಲಿ ಡೇರೆ ಹಾಕತೊಡಗಿತ್ತು.

ಆ ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು ಎಂದು ನನ್ನ ನೆನಪು. ಬಳೆಯೇ ಇರಲಿಲ್ಲ ಎನ್ನುತ್ತಾಳೆ ಚಿಕ್ಕಮ್ಮನ ಮಗಳು. ಇಬ್ಬರೂ ಮತ್ತೆ ಹುಡುಕಿದೆವು. ಆ ಕಾರ್ಯಕ್ರಮ ಎಲ್ಲೂ ಸಿಗಲಿಲ್ಲ. ಹಸಿರು ಬಳೆ ಆ ಭಾನುವಾರ ಚಿಕ್ಕಮ್ಮ ತೊಟ್ಟಿದ್ದದ್ದೂ ಇರಬಹುದು. ಎದುರಿಗಿದ್ದ ಕೈಯನ್ನು ನಾನೇ ಟಿವಿಯೊಳಗೆ ಇಟ್ಟೆನೋ ಏನೋ.

ಈಗ ಬೀಗದ ಕೈ ಚಿಕ್ಕಮ್ಮನ ಹತ್ತಿರವಿದೆ. ನಾನು ಆಮೇಲೆ ತಂದ ಒಂದು ಸುದ್ದಿ ಕೇಳಿ ಅವ್ವ ಕೊಟ್ಟರು ಎನ್ನುತ್ತಾಳೆ ಮಗಳು. ಮಂಡಿ ನೋವು, ಅದಕ್ಕೆ ಕೊಟ್ಟೆ ಎನ್ನುತ್ತಾರೆ ಅವ್ವ. ಅವರು ಕೊಡಲಿಲ್ಲ, ನಾನೇ ತಗೊಂಡೆ ಎನ್ನುತ್ತಾಳೆ ಚಿಕ್ಕಮ್ಮ. ಮೂರರಲ್ಲಿ ಯಾವುದನ್ನೂ ನಾನು ನಂಬಿಲ್ಲ.

ಆ ಸುದ್ದಿಯನ್ನು ಮಾತ್ರ ಖುದ್ದಾಗಿ ಹೋಗಿ ವಿಚಾರಿಸಿದ್ದೆ. ಆ ಕಡೆ ಈಗ ಹೆಚ್ಚಿನವರು ಮನೆಯಲ್ಲಿ ಮೊಟ್ಟೆ ಒಡೆಸಿ ಹುಳು ಮಾಡಿಕೊಳ್ಳುವುದಿಲ್ಲ. ಮರಿಗಳನ್ನು ಸಾಕಿ ಮಾರುವ ಕಡೆಯಿಂದ ತರುತ್ತಾರೆ. ಆ ಸಲ ಚಿಕ್ಕಮ್ಮನ ಮನೆಗೆ ಬಂದ ಮರಿಗಳ ಜೊತೆಯವೇ ಮುಳಬಾಗಿಲು ದಾರಿಯ ಒಂದು ಮನೆಗೂ ಹೋಗಿದ್ದವು. ಅವರನ್ನು ಕೇಳಿದೆ, ಸಾಲದೆಂದು ನೆರೆಯವರನ್ನೂ ಕೇಳಿದೆ. ಅಲ್ಲಿಗೆ ಯಾವ ಕಾರೂ ಬಂದಿರಲಿಲ್ಲ, ಯಾವ ಕ್ಯಾಮೆರಾವೂ ಬಂದಿರಲಿಲ್ಲ. ಅವರ ಹುಳುಗಳೂ ಅದೇ ವಾರ, ಅದೇ ಸಪ್ಪೆ ರೋಗಕ್ಕೆ ಸತ್ತಿದ್ದವು.