ಹಗ್ಗಕ್ಕೆ ಹಚ್ಚಿದ ಕೈ

ಕಳೆದ ವಾರ ಗೋವಾ ಗಡಿಯ ಹತ್ತಿರದ ನಮ್ಮ ಮಾಜಾಳಿಯ ಕಡಲದಂಡೆಯಲ್ಲಿ ಬಲೆ ಇಡುತ್ತಿದ್ದ ಹಳೆಯ ಚಪ್ಪರವನ್ನು ಕಿತ್ತರು. ಅಲ್ಲಿ ಕಾರು ನಿಲ್ಲಿಸಲು ಜಾಗ ಮಾಡುತ್ತಾರಂತೆ. ಸೋಗೆಯ ಅಡಿಯಿಂದ ಕತ್ತದ ಹಗ್ಗದ ಸುರುಳಿಯೊಂದು ಉರುಳಿ ಬಂತು. ಅದರ ತುಂಡೊಂದನ್ನು ಮನೆಗೆ ತಂದೆ. ಮಳೆಹನಿ ಬಿದ್ದದ್ದೇ ಅದರಿಂದ ಉಪ್ಪಿನ, ಕೊಳೆತ ನಾರಿನ, ಎಂದೋ ಹಿಡಿದ ಮೀನಿನ ವಾಸನೆ ಎದ್ದಿತು. “ಇದೆಂತಕ್ಕೆ ಮಾವಾ, ಹೊರಗೆ ಒಗೀರಿ” ಎಂದಳು ಸೊಸೆ. ಒಗೆಯಲಾಗಲಿಲ್ಲ. ಆ ಹಗ್ಗವನ್ನು ಕಂಡರೆ ಅದನ್ನು ಹಿಡಿದಿದ್ದ ಒಂದು ಕೈ ಕಾಣುತ್ತದೆ...

ಎಂಬತ್ತರ ದಶಕದ ಮಾತು. ಆಗ ನಮ್ಮಲ್ಲಿ ರಂಪಣಿ ಬಲೆ ಇತ್ತು. ದೋಣಿಯವರು ಕಡಲಲ್ಲಿ ಬಲೆಯನ್ನು ಅರ್ಧ ಸುತ್ತು ಹಾಕಿ ಎರಡೂ ತುದಿಯ ಹಗ್ಗಗಳನ್ನು ದಂಡೆಗೆ ತಂದರೆ, ಊರಿಗೆ ಊರೇ ಎರಡು ಸಾಲಾಗಿ ನಿಂತು ಎಳೆಯುತ್ತಿತ್ತು. ಪಾಲಿಗೆ ಇದ್ದದ್ದು ಒಂದೇ ಕಟ್ಟಳೆ: ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನು. ಎಷ್ಟು ಜೋರಾಗಿ ಎಳೆದೆ ಎಂದು ಯಾರೂ ಕೇಳುತ್ತಿರಲಿಲ್ಲ. ಬಸುರಿಯರು, ಕೆಮ್ಮುವ ಮುದುಕರು, ದುಡಿಯುವ ಗಂಡಸಿಲ್ಲದ ಮನೆಯ ಹೆಂಗಸರು ಸಾಲಿನ ಬಾಲಕ್ಕೆ ಬಂದು ನಿಲ್ಲುತ್ತಿದ್ದರು.

ಎಲ್ಲರಿಗಿಂತ ಕೊನೆಗೆ ನಿಲ್ಲುತ್ತಿದ್ದವಳು ನಮ್ಮ ನೆರೆಮನೆಯ ಮಾವಶಿ. ಮಾವಶಿ ಅಂದರೆ ಚಿಕ್ಕಮ್ಮ; ರಕ್ತಸಂಬಂಧವೇನಲ್ಲ, ಇಡೀ ಕೇರಿಗೆ ಅವಳು ಮಾವಶಿಯೇ. ಗಂಡ ತೆಂಗಿನ ಮರದಿಂದ ಬಿದ್ದು, ಸೊಂಟ ಮುರಿದು, ಮಲಗಿದಲ್ಲೇ ಇದ್ದ. ಇವಳದ್ದೋ ಕಡ್ಡಿಯಂಥ ಕೈ. ಬಲೆಯ ಯಜಮಾನ, ನಾವು ತಾಂಡೇಲ ಎನ್ನುತ್ತಿದ್ದವನು, ಅವಳನ್ನು ಕಂಡರೆ ಸುಮ್ಮನಿರುತ್ತಿರಲಿಲ್ಲ.

“ಮಾವಶೀ, ಸಾವಕಾಶ ಎಳಿಯೇ! ಹಗ್ಗ ಕಡಿದೋದ್ರೆ ನಮ್ಮ ಗತಿ ಎಂತದು?”

“ನಾ ಕೈ ಬಿಟ್ಟೆ ಅಂದ್ರೆ ನಿನ್ನ ಬಲೆ ಗೋವಾಕ್ಕೆ ಹೋಗಿ ಬೀಳ್ತದೆ, ನೋಡ್ಕೊ!”

ಪಾಲಿಗೆ ಬಂದ ಬಂಗುಡೆಯಲ್ಲಿ ಕೆಲವು ಸಾರಿಗೆ, ಉಳಿದವು ಗದ್ದೆ ಕಡೆಯ ಮನೆಗಳಿಗೆ, ಅಕ್ಕಿಯ ಬದಲಿಗೆ. ಗಂಡ ಹೆಂಡತಿಯ ಅನ್ನ ಅದೇ. ಯಾರ ಮುಂದೆಯೂ ಅವಳು ಕೈ ಚಾಚಿದವಳಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಹಾಗಾಗಿ ಮೀನುಗಾರರ ಸಂಘ ಕಟ್ಟಿದಾಗ ನನ್ನನ್ನೇ ಕಾರ್ಯದರ್ಶಿ ಮಾಡಿದರು. ಬಲೆ ಹೊಲಿದಲ್ಲೇ ಹರಿಯುತ್ತಿತ್ತು. ಯಂತ್ರದ ದೋಣಿಗಳು ಬಂದ ಮೇಲೆ ದಂಡೆಗೆ ಬರುವ ಮೀನೂ ಕಡಿಮೆಯಾಗಿತ್ತು. ಹಳ್ಳಿಗಳ ಅಭಿವೃದ್ಧಿಯ ಯೋಜನೆಯೊಂದರಲ್ಲಿ ನಮಗೆ ಹೊಸ ನೈಲಾನ್ ಬಲೆ ಸಿಗುವ ಹಾಗಿತ್ತು. ಅದು ಕೈತಪ್ಪಿದರೆ ಊರು ಉಪವಾಸ ಬೀಳುತ್ತದೆ, ಎಲ್ಲರೂ ನನ್ನ ಮುಖಕ್ಕೆ ಉಗಿಯುತ್ತಾರೆ ಎಂಬ ಹೆದರಿಕೆ ನನಗಿತ್ತು.

ಯೋಜನೆಯ ಸಾಹೇಬರು ನೋಡಲು ಬಂದರು. ನಾವು ಎಳೆಯುವುದನ್ನು ನೋಡುತ್ತ ನಿಂತವರು ಮಾವಶಿಯತ್ತ ತಿರುಗಿ, “ಇವರು ಹಗ್ಗ ಎಳೆಯುತ್ತಿದ್ದಾರೋ, ಹಗ್ಗವೇ ಇವರನ್ನು ಎಳೆಯುತ್ತಿದೆಯೋ?” ಎಂದು ನಕ್ಕರು. ಅಷ್ಟೇ. ಷರತ್ತು ಹಾಕಲಿಲ್ಲ, ಅವಳನ್ನು ತೆಗೆಯಿರಿ ಎನ್ನಲಿಲ್ಲ. ಆ ನಗುವಿನಲ್ಲಿ ನಾನೇ ಏನೇನೋ ಕೇಳಿಸಿಕೊಂಡೆ.

ಮರುದಿನ ಬಲೆ ಬಿಟ್ಟಾಗ ನಾನು ಸಾಲಿನ ಬಾಲಕ್ಕೆ ನಡೆದೆ.

“ಮಾವಶೀ, ಇನ್ನು ತಾಕತ್ತಿದ್ದವರಿಗಷ್ಟೇ ಪಾಲು ಅಂತ ಮಾಡೀವಿ. ನೀ ಹಗ್ಗ ಬಿಡು. ಮೀನು ನಾ ಮನೆಗೆ ಕಳಸ್ತೆ.”

‘ಮಾಡೀವಿ’ ಎಂದೆ. ಯಾರೂ ಮಾಡಿರಲಿಲ್ಲ. ನಾನೊಬ್ಬನೇ ಮಾಡಿದ್ದು.

“ತಾಕತ್ತು ಯಾರು ತಮಾ ತೂಗಿ ನೋಡಿದ್ದು?” ಎಂದಳು. ತಾಂಡೇಲನ ಮುಖ ನೋಡಿದಳು. ಹೊಸ ಬಲೆ ಅವನಿಗೂ ಬೇಕಿತ್ತು. ಅವನು ಕಡಲು ನೋಡಿದ. ಹಗ್ಗ ಹಿಡಿದವರೆಲ್ಲ ಹಿಡಿದಲ್ಲೇ ನಿಂತಿದ್ದರು. ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಮೇಲೆ ಒಣ ಮರಳಿಗೆ ಹೋಗಿ ನಿಂತಳು. ಬಲೆ ದಂಡೆ ಮುಟ್ಟುವವರೆಗೂ ನಿಂತಿದ್ದು, ಆಮೇಲೆ ಮನೆಗೆ ಹೋದಳು.

ಆ ಸಂಜೆ ನನ್ನ ಆಯಿ ಮುಚ್ಚಿದ ಪಾತ್ರೆಯಲ್ಲಿ ಬಂಗುಡೆ ಒಯ್ದು ಕೊಟ್ಟಳು. ಮುಚ್ಚಳ ತೆಗೆಯದೆ ಪಾತ್ರೆ ವಾಪಸು ಬಂತು. ಬೇಲಿಯಾಚೆ ಮಾವಶಿ ಅಂದದ್ದು ನನಗೂ ಕೇಳಿಸಿತು: “ಹಗ್ಗ ಮುಟ್ಟದೆ ಬಂದ ಮೀನು ನಂಗೆ ಗಂಟಲಲ್ಲಿ ಇಳಿಯೂದಿಲ್ಲ ಅಂತ ಹೇಳು ನಿನ್ನ ಮಗಂಗೆ.”

ಹೊಸ ಬಲೆ ಸಿಕ್ಕಿತು. ಅವಳು ಹಗ್ಗ ಬಿಡದಿದ್ದರೂ ಸಿಗುತ್ತಿತ್ತೋ ಏನೋ... ನಾನು ಕೇಳಲೇ ಇಲ್ಲ. ಯಾರೂ ಹೇಳದಿದ್ದರೂ ಸಾಲಿನ ಬಾಲದಲ್ಲಿದ್ದ ಉಳಿದವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಬೆಳಗಾದರೆ ನಾನು ಮಾವಶಿಯ ಮಾಡಿನ ಮೇಲೆ ಹೊಗೆ ಏಳುತ್ತದೆಯೇ ಎಂದು ನೋಡುತ್ತಿದ್ದೆ. ಏಳದ ದಿನ ಬೇಲಿಯವರೆಗೆ ಹೋಗಿ ಹಿಂದಿರುಗುತ್ತಿದ್ದೆ. ಬಲೆ ಹಗುರಾಗಿ ಬಂದರೆ, ಅವಳ ನಿಟ್ಟುಸಿರು ತಟ್ಟಿತೇ ಎಂದು ಹೆದರುತ್ತಿದ್ದೆ. ಆದರೂ, ಬಾ, ಹಗ್ಗ ಹಿಡಿ ಎಂದು ಕರೆಯಲು ಬಾಯಿ ಬರಲಿಲ್ಲ.

ಮಳೆಗಾಲಕ್ಕೆ ಮುಂಚೆ ಗಂಡನನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಅವಳು ಗೋವಾದ ಕಡೆ ಇದ್ದ ತಂಗಿಯ ಮನೆಗೆ ಹೋದಳು. ನಾನು ಕಿಟಕಿಯ ಮರೆಯಲ್ಲಿದ್ದೆ. ಮಾಜಾಳಿಯಿಂದ ಗಡಿ ಎಷ್ಟು ಮಹಾ ದೂರ? ದಿನವಿಡೀ ಬಸ್ಸುಗಳಿದ್ದವು. ಒಮ್ಮೆಯೂ ಹೋಗಿ ನೋಡಲಿಲ್ಲ. ಅಲ್ಲಿ ಏನು ಕೇಳಬೇಕಾದೀತೋ ಎಂಬ ಭಯ. ಗಂಡ ಆ ಮಳೆಗಾಲದಲ್ಲೇ ತೀರಿದನಂತೆ. ಅವಳ ಸುದ್ದಿ ಬರಲೇ ಇಲ್ಲ.

ತೊಂಬತ್ತರ ಹೊತ್ತಿಗೆ ತಾಕತ್ತಿದ್ದ ಹುಡುಗರೆಲ್ಲ ಗೋವಾದ ಕೆಲಸಕ್ಕೆ ಹೋಗತೊಡಗಿದರು. ಹಗ್ಗಕ್ಕೆ ಜನ ಸಾಲದೆ ನಾನು ಮನೆಮನೆಗೆ ಕರೆಯಲು ಹೋದೆ. ಹಿಂದೆ ಸಾಲಿನ ಬಾಲದಲ್ಲಿ ನಿಲ್ಲುತ್ತಿದ್ದ ಮುದುಕನೊಬ್ಬ ಜಗಲಿಯಿಂದಲೇ, “ಕಾರ್ಯದರ್ಶಿ ಸಾಹೇಬ್ರು ದಾರಿ ತಪ್ಪಿ ಬಂದ್ರು! ತಾಕತ್ತಿದ್ದವರ ಮನೆ ಆಚೆಗದೆ” ಎಂದ. ಹೊಸ ಬಲೆ ಹರಿಯುವ ಮೊದಲೇ ಚಪ್ಪರ ಸೇರಿತು.

ನಿನ್ನೆ ಸಂಜೆ ಕೆಲವು ಹುಡುಗರು ದಂಡೆಯಲ್ಲಿ ಸಣ್ಣ ಬಲೆ ಎಳೆಯುತ್ತಿದ್ದರು. ಹೋಗಿ ಹಗ್ಗಕ್ಕೆ ಕೈ ಹಚ್ಚಿದೆ.

“ಅಜ್ಜಾ, ಬೀಳ್ತಿ ಮಾರಾಯಾ! ಬದಿಗೆ ನಿಲ್ಲು, ಮೀನು ನಾವೇ ಕೊಡ್ತೇವೆ” ಎಂದ ಒಬ್ಬ. ಪ್ರೀತಿಯಿಂದಲೇ ಅಂದ. ಹಗ್ಗ ಬಿಟ್ಟೆ. ಒಣ ಮರಳಿನಲ್ಲಿ ನಿಂತೆ. ಬಲೆ ಬಂದ ಮೇಲೆ ಚೀಲದಲ್ಲಿ ಬಂಗುಡೆ ಹಾಕಿ ಕೈಗೆ ಕೊಟ್ಟರು.

ಮಾವಶಿ ಈಗ ಇರಲಾರಳು. ಇದ್ದಿದ್ದರೆ ಚೀಲವನ್ನು ಹಾಗೆಯೇ ಹಿಂದಿರುಗಿಸು ಎನ್ನುತ್ತಿದ್ದಳೋ ಏನೋ... ನಾನು ಮನೆಗೆ ತಂದೆ. ಸೊಸೆ ಸಾರು ಮಾಡಿ ಬಡಿಸಿದಳು. ಮೊದಲ ತುತ್ತನ್ನು ಬಾಯಿಗಿಟ್ಟು ಹೆದರುತ್ತ ಕಾದೆ.

ಗಂಟಲಲ್ಲಿ ಇಳಿಯಿತು. ಎಲ್ಲವೂ ಇಳಿಯಿತು.