ಸೋಮವಾರ ಕೂತ ಆಕ್ಸಲ್

ಅಂಗಳ ಸಾರಿಸಿದೆ. ಎಮ್ಮೆ ಹಿಂಡಿದೆ. ನಮ್ಮ ಮನೆಯವರ ಬೆನ್ನಿಗೆ ಬಿಸಿನೀರಿನ ಅರಿವೆ ಒತ್ತಿ ಗುಳಿಗೆ ಕೊಟ್ಟೆ. ರೊಟ್ಟಿ ಬಡಿದೆ. ಮೈದುನ ಎತ್ತುಗಳ ಮೈ ತೊಳೆದು ಬರುವಷ್ಟರಲ್ಲಿ ಅಂಗಳದಲ್ಲಿ ಗೋಣಿಚೀಲ ಹಾಸಿ, ಅವನು ಬಿಚ್ಚಿದ್ದ ಬೈಕಿನ ನಟ್ಟುಗಳನ್ನು ತಟ್ಟೆಯಲ್ಲಿ ತೆಗೆದಿಟ್ಟೆ.

ಅವತ್ತು ಸೋಮವಾರ. ಚಿಕ್ಕೇರೂರಿನ ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನಮ್ಮ ಮನೆಯವರು ಬೈಕಿಗೂ ಅದೇ ಸೂಟಿ ಕೊಟ್ಟಿದ್ದರು. "ಅದೂ ನಮ್ಮ ಎತ್ತ ಐತಿ," ಅನ್ನುತ್ತಿದ್ದರು. ಆ ದಿನ ತೊಳೆಯುವುದು, ಬಿಚ್ಚಿ ರಿಪೇರಿ ಮಾಡುವುದು ಅಷ್ಟೇ, ಹತ್ತುವಂತಿಲ್ಲ.

ರೋಗ ಎಲುಬಿಗೆ ಇಳಿದ ಮೇಲೆ ಅವರದು ಒಂದೇ ಆಸೆ: ಹೊಲದಲ್ಲಿ ತೆನೆ ಕಟ್ಟಿದ ಗೋವಿನಜೋಳವನ್ನು ಒಮ್ಮೆ ನೋಡಬೇಕು. ಆ ದಾರಿಯಲ್ಲಿ ಕಾರು ಹೋಗದು. ಚಕ್ಕಡಿಯ ಕುಲುಕಾಟವನ್ನು ಅವರ ಬೆನ್ನು ತಾಳದು. ಬೈಕಿನ ಮುಂದಿನ ಗಾಲಿ ಹಿಡಿಯುವ ಎರಡು ಕಾಲಿನ ಫೋರ್ಕೂ ಸತ್ತುಹೋಗಿ, ತಗ್ಗು ಬಂದಲ್ಲೆಲ್ಲ ದಡ್ ಅನ್ನುತ್ತಿತ್ತು. ಅದಕ್ಕೇ ಮೈದುನ ಹಾನಗಲ್ಲಿನ ಗುಜರಿಯಿಂದ ದೊಡ್ಡ ಬೈಕಿನ ದಪ್ಪ ಫೋರ್ಕು ತಂದಿದ್ದ.

ಫೋರ್ಕು ಕೂತಿತು; ಗಾಲಿ ಕೂಡಲಿಲ್ಲ. ಗಾಲಿಯ ನಡುವೆ ತೂರಿಸುವ ಸರಳು, ಹಳೆಯ ಆಕ್ಸಲ್, ಹೊಸ ಫೋರ್ಕಿನ ತೂತಿನಲ್ಲಿ ಲೊಡಲೊಡ ಅಂದಿತು. ಮೈದುನ ಎಣ್ಣೆಡಬ್ಬಿಯ ತಗಡು ಕತ್ತರಿಸಿ ಅದಕ್ಕೆ ಸುತ್ತಿದ. ಚಕ್ಕಡಿಯ ಗಾಲಿ ಸಡಿಲಾದರೆ ಅವನು ಮಾಡುವುದೇ ಹಾಗೆ. ನಟ್ಟು ಬಿಗಿದರೆ ಗಾಲಿ ಓರೆಯಾಗಿ ನಿಂತಿತು.

ಪಡಸಾಲೆಯ ಮಂಚದಿಂದಲೇ ಅವರು ಕೇಳಿದರು: "ತಗಡ ಸುತ್ತಿದೇನಲೇ?"

"ಹೂಂ, ಅಣ್ಣ."

"ಚಕ್ಕಡಿ ಹೊಡಿಯಾಂವ ಚಕ್ಕಡಿ ಬುದ್ಧಿನ ಬಿಡವಲ್ಲಿ. ಬಿಚ್ಚು. ಫೋರ್ಕಿನ ಜೋಡಿ ಬಂದ ದಪ್ಪ ಆಕ್ಸಲ್ಲ ಹಾಕು. ಗಾಲಿಯೊಳಗಿನ ಬೇರಿಂಗ್ ಬದಲು ಮಾಡಬೇಕು. ಹೊರಗ ಹಳೇದರಷ್ಟ ಇರಲಿ, ಒಳಗಿನ ತೂತು ದೊಡ್ಡದು ಇರಬೇಕು."

ಮೈದುನ ಬಸ್ಸು ಹತ್ತಿ ಹಂಸಭಾವಿಗೆ ಹೋಗಿ ಎರಡು ಬೇರಿಂಗನ್ನೂ ಅವುಗಳ ನಡುವೆ ಕೂರುವ ಕೊಳವೆಯನ್ನೂ ಹುಡುಕಿ ತಂದ. ಈಗ ಆಕ್ಸಲ್ ಗಾಲಿಯನ್ನು ದಾಟಿತು. ಫೋರ್ಕಿನ ಆಚೆಯ ಕಾಲಿಗೆ ಬಂದು ನಿಂತುಬಿಟ್ಟಿತು. ಸೊಟ್ಟಾಗಿದೆಯೇನೋ ಎಂದು ನಾನು ಅದನ್ನು ಅಡಿಗೆಮನೆಯ ಕಡಪಾ ಕಲ್ಲಿನ ಮೇಲೆ ಉರುಳಿಸಿದೆ. ಲಟ್ಟಣಿಗೆಯಂತೆ ನೆಟ್ಟಗೆ ಉರುಳಿತು. ಮೈದುನ ಸುತ್ತಿಗೆ ಎತ್ತಿದ.

"ಅದನ್ನ ಕೆಳಗಿಡು," ಅಂದರು. "ಆಕ್ಸಲ್ಲ ನಿಮ್ಮ ವೈನಿ ಕೈಯಾಗ ಕೊಡು."

"ವೈನಿಗೆ ಬೈಕಿನ ಕೆಲಸ ಏನ್ ಗೊತ್ತೋ ಅಣ್ಣ?"

"ಇಷ್ಟ ವರ್ಷ ನನ್ನ ರಿಪೇರಿ ಮಾಡ್ಯಾಳ."

"ಇನ್ನೂ ಸರಿ ಹೋಗಿಲ್ರಿ," ಅಂದೆ. ನಗಲು ಹೋಗಿ ಅವರಿಗೆ ಬೆನ್ನು ಹಿಡಿಯಿತು.

ಅವರು ಹೇಳಿದಂತೆ ಫೋರ್ಕಿನ ಮೇಲಿನ ಬೋಲ್ಟುಗಳನ್ನು ಸಡಿಲು ಮಾಡಿದೆವು. ಒಂದು ಕಾಲು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲೆ ಬಿಗಿದಿತ್ತು. ಮೈದುನ ಅದನ್ನು ಮೆಲ್ಲಗೆ ಕೆಳಗೆಳೆದ. ನಾನು ಗ್ರೀಸ್ ಹಚ್ಚಿ ಆಕ್ಸಲನ್ನು ತಿರುವುತ್ತ ಒತ್ತಿದೆ. ಬಳೆಗಾರ ಕೈ ಹಿಂಡಿ ಹಿಂಡಿ ಬಳೆ ಏರಿಸುತ್ತಾನಲ್ಲ, ಹಾಗೆ ಒಳಗೆ ಹೋಯಿತು. ಗಾಲಿ ತಿರುಗಿಸಿದರೆ ಸದ್ದೇ ಇಲ್ಲ.

"ನಾಳೆ ಮುಂಜಾನೆ ಹೊಲಕ್ಕ ಹೋಗೂನು ಅಣ್ಣ," ಅಂದ ಮೈದುನ.

"ಇವತ್ತ ಹೋಗೂನು."

"ಇವತ್ತ ಸೋಮವಾರ ಅಲ್ಲೇನ್ರಿ?" ಅಂದೆ.

ಅವರು ಅಂಗಿ ಕೊಡು ಎಂದು ಕೈ ಚಾಚಿದರು. ಮೈದುನ ಕೀಲಿ ತರುತ್ತೇನೆಂದು ಒಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಕೀಲಿ ಬೈಕಿನಲ್ಲೇ ಇತ್ತು.

ಮೈದುನನ ಹಿಂದೆ ಅವರು, ಅವರನ್ನು ಹಿಡಿದುಕೊಂಡು ನಾನು. ಓಣಿಯ ಗಟಾರ ದಾಟಿದಾಗ, "ತಗ್ಗು ಗೊತ್ತ ಆಗಲಿಲ್ಲಲ್ಲೋ," ಅಂದರು. ಊರು ದಾಟುವಷ್ಟರಲ್ಲಿ ಅವರ ತಲೆ ತಮ್ಮನ ಬೆನ್ನಿಗೆ ಒರಗಿತು. ಕೂತಿರಲು ತ್ರಾಣವಿರಲಿಲ್ಲ.

"ತಿರುಗಿಸಪಾ," ಅಂದರು. "ಗಾಡಿ ಚಲೋ ಆಗೇತಿ."

ಸಂಜೆ ಮೈದುನ ಹೊಲಕ್ಕೆ ಹೋಗಿ ತೆನೆ ಮುರಿದು ತಂದ. ನಡೆದೇ ಹೋಗಿದ್ದ. ನಮ್ಮ ಮನೆಯವರು ಒಂದು ತೆನೆಯ ಸಿಪ್ಪೆ ಸುಲಿದು ಕಾಳಿನ ಮೇಲೆ ಬೆರಳಾಡಿಸಿದರು. "ತುಂಬ್ಯಾವ," ಅಂದರು.

ನಾವಿಬ್ಬರೂ ರೊಟ್ಟಿ, ಪುಂಡಿಪಲ್ಯ, ಸುಟ್ಟ ತೆನೆ ಉಂಡೆವು. ಅವರಿಗೆ ಮಜ್ಜಿಗೆಯಲ್ಲಿ ಕಿವುಚಿದ ಅನ್ನ, ಅದೂ ಒಂದೆರಡು ತುತ್ತು. ಮೊದಲು ಮಲಗಿದವರು ಅವರೇ. ತೆನೆ ಕೈಯಲ್ಲೇ ಇತ್ತು, ನಾನು ಬಿಡಿಸಿಕೊಳ್ಳಲಿಲ್ಲ.