ಚಿನ್ನಮ್ಮತ್ತೆಯ ಒಲೆ ನನಗೆ ಸಿಕ್ಕ ಬಗೆ

ಆ ಸಂಜೆ ನಾನು ಸುಳ್ಳು ಹೇಳಿದೆ. ಊಟಕ್ಕೆ ಕೂತಿದ್ದವರು ಮೂವರು — ನಮ್ಮ ಮಾವ, ನಮ್ಮ ಯಜಮಾನರು, ಮಗಳನ್ನು ನೋಡಿಕೊಂಡು ಹೋಗೋಣವೆಂದು ಹೊಸಕೋಟೆಯಿಂದ ಬಂದಿದ್ದ ನಮ್ಮಪ್ಪ. ಒಲೆಯ ಮುಂದೆ ಚಿನ್ನಮ್ಮತ್ತೆ, ಬಡಿಸುವುದಕ್ಕೆ ನಾನು. ಆ ನಾಲ್ವರ ಎದುರಿಗೆ ನಾನಾಡಿದ ಒಂದು ಮಾತಿಗೆ ಚಿನ್ನಮ್ಮತ್ತೆ ಒಲೆ ಬಿಟ್ಟು ಎದ್ದರು. ಆ ಜಾಗದಲ್ಲಿ ನಾನು ಕೂತೆ. ಐವತ್ತು ವರ್ಷ ಕೂತೆ. ಊಟ ಮಾಡಿದವರೆಲ್ಲ ನನ್ನ ಕೈಗುಣವನ್ನು ಹೊಗಳಿದರು. ನಾನು ಕೇಳಿಸಿಕೊಂಡೆ — ಸುಮ್ಮನೆ ಕೇಳಿಸಿಕೊಂಡೆ.

ಚಿನ್ನಮ್ಮತ್ತೆ ನಮ್ಮ ಮಾವನ ಅಕ್ಕ; ನಾನು ಅತ್ತೆಮ್ಮ ಎನ್ನುತ್ತಿದ್ದೆ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ಆಮೇಲೆ ತಮ್ಮನ ಹೆಂಡತಿಯೂ ತೀರಿಕೊಂಡಾಗ, ಆಕೆ ಬಿಟ್ಟುಹೋದ ಮಗುವನ್ನು, ಎಂದರೆ ನಮ್ಮ ಯಜಮಾನರನ್ನು, ಸಾಕಿದವರು. ಹಲಸೂರಿನಲ್ಲಿ ನಮ್ಮದು ಎರಡಂಕಣದ ಮನೆ, ಹಿತ್ತಲಲ್ಲಿ ಒಂದು ಹಸು. ದೊಮ್ಮಲೂರಿನ ಕಡೆ ಮಾವ ಸೊಪ್ಪು ಬೆಳೆಯುತ್ತಿದ್ದರು. ಅದು ಯುದ್ಧದ ಕಾಲ. ದಂಡಿನ, ಎಂದರೆ ಕಂಟೋನ್ಮೆಂಟಿನ, ತುಂಬ ಸೋಲ್ಜರುಗಳು. ಬೆಳಿಗ್ಗೆ ಅವರ ಅಡಿಗೆಮನೆಗಳಿಗೆ ಸೊಪ್ಪಿನ ಕುಕ್ಕೆ ಹೊತ್ತುಹಾಕಿ ಬಂದರೆ ಅಪ್ಪಮಗ ಇಬ್ಬರೂ ಮತ್ತೆ ತೋಟಕ್ಕೆ. ಹಾಗಾಗಿ ಮನೆಯವರೆಲ್ಲ ಕೂತು ಉಣ್ಣುತ್ತಿದ್ದದ್ದು ದೀಪ ಹಚ್ಚುವ ಹೊತ್ತಿನ ಊಟ ಒಂದನ್ನೇ. ಅಕ್ಕಿ ರೇಷನ್ನಿಗೆ ಬಂದಿತ್ತು. ರಾಗಿ ಮುದ್ದೆ, ಯಾವುದೋ ಒಂದು ಸಾರು, ಇದ್ದರೆ ಒಂದು ಹಿಡಿ ಪಲ್ಯ — ಅಷ್ಟೇ. ಅಷ್ಟರಲ್ಲೇ ಆಕೆ ಏನು ಮಾಡುತ್ತಿದ್ದರೋ! ಒಗ್ಗರಣೆ ಚುರ್ ಎಂದರೆ ಸಾಕು, ಪಕ್ಕದ ಮನೆಯ ಸೆಲ್ವಿಯಕ್ಕ ಗೋಡೆಯ ಮೇಲಿಂದ ತಲೆ ತೂರಿಸುತ್ತಿದ್ದಳು.

"ಚಿನ್ನಮ್ಮಾ, ನಿಮ್ ಸಾರಿನ ವಾಸನೇಲೇ ನಮ್ಮೋರು ಎರಡ್ ತುತ್ತು ಜಾಸ್ತಿ ತಿಂತಾರೆ. ನಮ್ಮನೆ ರೇಷನ್ ಸಾಲಲ್ಲ, ನೀವೇ ಕೊಡ್ಬೇಕು!"

"ವಾಸನೆ ಪುಕ್ಕಟೆ ಕಣೇ, ಎಷ್ಟ್ ಬೇಕಾದ್ರೂ ತಗೊಂಡ್ಹೋಗು" ಎನ್ನುತ್ತಿದ್ದರು ಇವರು, ತಿರುಗಿಯೂ ನೋಡದೆ.

ತಿರುಗಿ ನೋಡುತ್ತಿರಲಿಲ್ಲ ಯಾಕೆಂದು ನನಗೆ ತಿಳಿದದ್ದು ಮದುವೆಯಾಗಿ ನಾಲ್ಕನೆಯ ತಿಂಗಳಿಗೆ. ಒಲೆಯ ಪಕ್ಕ ಸಾರಿಸುವಾಗ ಉಪ್ಪಿನ ಮರಿಗೆಯನ್ನು ಒಂದು ಗೇಣು ಆಚೆಗೆ ಸರಿಸಿದ್ದೆ. ಅತ್ತೆಮ್ಮನ ಕೈ ಬಂತು — ಮರಿಗೆ ಇಲ್ಲದ ಜಾಗಕ್ಕೆ ಬಂತು. ಬೆರಳುಗಳು ನೆಲ ತಡವಿದವು, ನಿಂತವು. ನಾನು ಬಗ್ಗಿ ಅವರ ಕಣ್ಣು ನೋಡಿದೆ. ಎರಡು ಕಣ್ಣಿಗೂ ಪೊರೆ ಬಂದು ಆಕೆಗೆ ಬೆಳಕೂ ನೆರಳೂ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ! ಹಾಗಾದರೆ ಇಷ್ಟು ದಿನ — ಆ ಮುದ್ದೆ, ಆ ಸಾರು, ಒಂದು ದಿನವೂ ಹೊತ್ತದ, ಸೀಯದ ಆ ಒಗ್ಗರಣೆ —

"ಗಂಡಸ್ರಿಗೆ ಹೇಳ್ಬೇಡ ಮಗಳೇ" ಎಂದರು. "ಗೊತ್ತಾದ್ರೆ ಒಲೆ ಹತ್ರ ಬಿಡಲ್ಲ. ಈ ಮನೇಲಿ ನಂಗೆ ಇನ್ನೇನಿದೆ ಹೇಳು."

ಹೇಳುವುದಿಲ್ಲ ಎಂದು ಅವರ ಕೈಮುಟ್ಟಿ ಮಾತು ಕೊಟ್ಟೆ. ಅಂದಿನಿಂದ ದಿನವೂ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ದೇವರ ಮುಂದೆಯೂ ನಾನು ಹಾಗೆ ಕೂತವಳಲ್ಲ. ಹಿಟ್ಟು ಬೇಯುವ ಪಾತ್ರೆಗೆ ಕಿವಿಯೊಡ್ಡುತ್ತಿದ್ದರು — ಕೊತಕೊತ ಸದ್ದು ದಪ್ಪವಾಗಿ ಲೊಟಕ್ ಲೊಟಕ್ ಎಂದಾಗ ಕೋಲು ಹಿಡಿಯುತ್ತಿದ್ದರು, ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ. ಧನಿಯ ಹುರಿಯುವಾಗ ಮೂಗು, ಬೇಳೆ ಬೆಂದಿತೋ ಇಲ್ಲವೋ ನೋಡಲು ಎರಡು ಬೆರಳು. ಬಡಿಸುವ ಮುಂಚೆ ರುಚಿ ನೋಡುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಏಳುವ ಹಬೆಗೆ ಮುಖವೊಡ್ಡಿ "ಇನ್ನೊಂದು ಚಿಟಿಕೆ ಉಪ್ಪು ಕೇಳ್ತಿದೆ" ಎನ್ನುತ್ತಿದ್ದರು. ಆ ಚಿಟಿಕೆ ಸರಿಯಾಗಿಯೇ ಇರುತ್ತಿತ್ತು. ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಆ ಸಂಜೆ ಬಸ್ಸಾರು. ಅಲಸಂದೆ ಕಾಳು, ದಂಟಿನ ಸೊಪ್ಪು ಒಟ್ಟಿಗೆ ಬೇಯಿಸಿ, ನೀರು ಬಸಿದು ಒಂದು ಮಡಕೆಯಲ್ಲಿಟ್ಟಿದ್ದರು. ಆ ಬಸಿದ ನೀರೇ ಕಟ್ಟು, ಬಸ್ಸಾರಿನ ಜೀವವೇ ಅದು. ಕಾಳುಸೊಪ್ಪು ಪಲ್ಯಕ್ಕೆ ಹೋದರೆ, ಕಟ್ಟಿಗೆ ಖಾರ ಬಿದ್ದು ಸಾರಾಗುತ್ತದೆ. ಅದರ ಪಕ್ಕದಲ್ಲೇ ಹಸುವಿಗೆಂದು ಅಕ್ಕಿ ತೊಳೆದ ನೀರಿನ ಮಡಕೆ. ಅಪ್ಪ ಬಂದ ಸಡಗರ — ಅತ್ತ ಮಾತು, ಇತ್ತ ಕೆಲಸ. ಒಂದು ಮಡಕೆ ಎತ್ತಿಕೊಂಡು ಹೋಗಿ ಹಸುವಿನ ಬಾನಿಗೆ ಸುರಿದೆ. ಬಿಸಿ ಹಬೆ ಮುಖಕ್ಕೆ ಹೊಡೆದಾಗಲೇ ಗೊತ್ತಾಯಿತು. ಹಸು ಆಗಲೇ ಮೂತಿ ಇಟ್ಟಿತ್ತು.

ಆಗಲೇ ಹೇಳಬಹುದಿತ್ತು. "ಅಯ್ಯೋ ಪೆದ್ದೀ" ಎಂದು ನಕ್ಕು, ಅತ್ತೆಮ್ಮ ಬೇರೆ ಏನಾದರೂ ಮಾಡುತ್ತಿದ್ದರು. ನಾನು ಮಾಡಿದ್ದೇನೆಂದರೆ — ಬಚ್ಚಲ ಹಂಡೆಯಿಂದ ಬಿಸಿನೀರು ತೋಡಿ ಆ ಮಡಕೆ ತುಂಬಿಸಿ, ಇದ್ದ ಜಾಗದಲ್ಲೇ ಇಟ್ಟೆ.

ಅತ್ತೆಮ್ಮ ಮಡಕೆ ಎತ್ತಿದರು. ಸುರಿಯುವ ಮುಂಚೆ ಹಬೆಗೆ ಮುಖವೊಡ್ಡಿದರು.

"ಜಯಾ, ಇದು ಕಟ್ಟಿನ ಮಡಕೆನೇ ತಾನೇ?"

"ಹೂಂ ಅತ್ತೆಮ್ಮ."

ಹಬೆಯಲ್ಲಿ ಉಪ್ಪು ಗುರುತಿಸುವ ಮೂಗಿಗೆ ಬರೀ ನೀರು ತಿಳಿಯಲಿಲ್ಲವೇ? ತಿಳಿದೇ ಕೇಳಿದ್ದರು. ಹೇಳು ಎಂದು ಬಾಗಿಲು ತೆರೆದು ಕೊಟ್ಟಿದ್ದರು. ನಾನು ಅದನ್ನೂ ಮುಚ್ಚಿದೆ. ಆಕೆ ಆ ನೀರನ್ನೇ ಸುರಿದು ಸಾರು ಕುದಿಸಿದರು.

ಮೊದಲ ತುತ್ತಿಗೇ ಮಾವ ತಲೆ ಎತ್ತಿದರು.

"ಏನಕ್ಕ ಇದು, ಸ್ನಾನದ್ ನೀರಿಗೆ ಖಾರ ಕಲಸಿದ್ದೀಯಾ? ಬೀಗರು ಹೊಸಕೋಟೆಗೆ ಹೋಗಿ ಊರೆಲ್ಲ ಸಾರ್ತಾರೆ ನೋಡು!"

ನಮ್ಮಪ್ಪ "ಚೆನ್ನಾಗೇ ಇದೆಯಲ್ಲ ಬೀಗರೇ" ಎಂದರು. ಅವರು ಹಾಗೆಂದದ್ದೇ ನನಗೆ ಹೆಚ್ಚು ಅವಮಾನವಾಯಿತು. ಎಲ್ಲರೂ ಒಲೆಯ ಕಡೆ ನೋಡುತ್ತಿದ್ದರು. ಯಾರೂ ಕೇಳದಿದ್ದರೂ ನಾನೇ ಬಾಯಿಬಿಟ್ಟೆ:

"ಅತ್ತೆಮ್ಮಂಗೆ ಕಣ್ಣು ಕಾಣಲ್ಲ ಮಾವ. ಕಟ್ಟು ಅಂತ ಗೊತ್ತಾಗ್ದೆ ಚೆಲ್ಬಿಟ್ಟಿರ್ಬೇಕು."

ಒಂದೇ ಉಸಿರಿಗೆ ಎರಡು ಪಾಪ. ಕೊಟ್ಟ ಮಾತು ಮುರಿದೆ. ನನ್ನ ತಪ್ಪನ್ನು ಅವರ ತಲೆಗೆ ಕಟ್ಟಿದೆ. ಭಯದಿಂದ ಆಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಬರೀ ಭಯವಲ್ಲ. ಆಸೆಯೂ ಇತ್ತು — ಗೋಡೆಯಾಚೆಯಿಂದ ಒಂದು ದಿನ ನನ್ನ ಹೆಸರನ್ನೂ ಕೂಗಲಿ ಎಂಬ ಆಸೆ. ಇಲ್ಲಿಯಾದರೂ ನಿಜ ಬರೆಯಬೇಕಲ್ಲ.

ಚಿನ್ನಮ್ಮತ್ತೆ ನಾನು ನಿಂತ ಕಡೆಗೆ ಮುಖ ತಿರುಗಿಸಿದರು. ಬಹಳ ಹೊತ್ತೇನಲ್ಲ.

"ಇರ್ಬೋದಪ್ಪ" ಎಂದರು ತಮ್ಮನಿಗೆ. "ನಾನೇ ಚೆಲ್ಲಿರ್ಬೋದು."

ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಡಗೈಯಿಂದ ಕಣ್ಣೊರೆಸಿಕೊಂಡು, "ಕಣ್ಣು ಹೋಗಿದ್ದನ್ನ ನಂಗ್ ಹೇಳ್ಬಾರ್ದಾಗಿತ್ತಾ ಅಕ್ಕ? ನಾಳೆ ಸೆರಗಿಗೆ ಬೆಂಕಿ ಹತ್ಕೊಂಡ್ರೆ ಏನ್ ಗತಿ? ದುಡಿದಿದ್ದು ಸಾಕು, ಜಯ ಮಾಡ್ತಾಳೆ" ಎಂದರು.

ಮರುದಿನದಿಂದ ಅತ್ತೆಮ್ಮ ಜಗುಲಿಯಲ್ಲಿ. ಮಾಡಲು ಕೆಲಸವಿಲ್ಲದೆ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿದ್ದ ಆ ಎರಡು ಕೈಗಳನ್ನು ನನಗೆ ನೋಡಲಾಗುತ್ತಿರಲಿಲ್ಲ. ತಿಂಗಳು ತುಂಬುವುದರಲ್ಲಿ, ಕೆ.ಆರ್. ಪುರದಲ್ಲಿದ್ದ ಆಕೆಯ ಮೈದುನನ ಮಗ ಬಂದು, "ದೊಡ್ಡಮ್ಮ, ನನ್ ಹೆಂಡ್ತಿ ಬಾಣಂತಿ, ಮನೇಲಿ ಬೇಯಿಸಿ ಹಾಕೋರಿಲ್ಲ" ಎಂದ. ಮಾವ ಬೇಡವೆಂದರೂ ಅತ್ತೆಮ್ಮ ಹೊರಟರು. ಆ ಮನೆಯವರಿಗೆ ಆಕೆಯ ಕಣ್ಣಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಮೂರು ವರ್ಷ ಕಳೆಯಿತು. ಯುದ್ಧ ಮುಗಿಯಿತು. ಮಾವ ಹಾಸಿಗೆ ಹಿಡಿದರು, ನಾನು ಮಾಡಿದ್ದೇನೂ ಗಂಟಲಲ್ಲಿ ಇಳಿಯದಾಯಿತು. "ಅಕ್ಕನ ಕೈಯಿಂದ ಏನಾದ್ರೂ" ಎಂದರು. ನಮ್ಮ ಯಜಮಾನರು ಜಟಕಾ ಮಾಡಿಕೊಂಡು ಹೋಗಿ ಕರೆತಂದರು. ಆಕೆ ಅಡಿಗೆಮನೆಯನ್ನೊಮ್ಮೆ ಸುತ್ತ ತಡವಿಕೊಂಡರು, ಕೂತರು, ಮೆತ್ತಗೆ ಅನ್ನ ಮಾಡಿ ಮೆಣಸಿನ ಸಾರು ಕಾಸಿದರು. ತಮ್ಮನ ತಲೆಯನ್ನು ತೊಡೆಗೆ ಒರಗಿಸಿಕೊಂಡು ತಾವೇ ಉಣಿಸಿದರು. ನಾನು ನೀರಿನ ಚೊಂಬು ಹಿಡಿದು ನಿಂತಿದ್ದೆ.

ನಾಲ್ಕು ತುತ್ತು ಇಳಿದ ಮೇಲೆ ಮಾವನ ಮುಖಕ್ಕೆ ಕಳೆ ಬಂತು.

"ಅದೇ ರುಚಿ. ಕಣ್ಣು ಕಾಣ್ದೇನೂ ಇಷ್ಟು ಚೆನ್ನಾಗ್ ಮಾಡ್ತೀಯಲ್ಲ ಅಕ್ಕ. ಯಾವಾಗ ಹೋಯ್ತು ಕಣ್ಣು?"

"ಅಯ್ಯೋ, ಈ ಹುಡುಗಿ ಮನೆಗೆ ಬರೋಕ್ ಮುಂಚೇನೇ ಹೋಗಿತ್ತು ಕಣೋ" ಎಂದರು ಆಕೆ ನಗುತ್ತ. ಅಂದವರು ತಟ್ಟನೆ ನಗು ನಿಲ್ಲಿಸಿ ಅನ್ನ ಕಲಸತೊಡಗಿದರು.

ಮಾವ ನನ್ನ ಮುಖ ನೋಡಿದರು. ಎಣಿಸಿ ಎಣಿಸಿ ನೋಡಿದ ಹಾಗೆ — ಕಣ್ಣಿಲ್ಲದೆಯೂ ಕೆಡದ ಅಷ್ಟು ವರ್ಷದ ಊಟಗಳು, ಕೆಟ್ಟ ಆ ಒಂದು ಸಂಜೆ. "ಇನ್ನೊಂದ್ ತುತ್ತು ಕೊಡಕ್ಕ" ಎಂದು ಬಾಯಿ ತೆರೆದರು. ನಾನು ನೀರಿನ ಚೊಂಬು ಮುಂದೆ ಚಾಚಿದೆ.

ನಾಲ್ಕನೆಯ ದಿನ ಮಾವ ತೀರಿಕೊಂಡರು. ಕಾರ್ಯವೆಲ್ಲ ಮುಗಿದು, ಜಟಕಾ ಬಂದು ಬಾಗಿಲಲ್ಲಿ ನಿಂತಾಗ ಚಿನ್ನಮ್ಮತ್ತೆ ನನ್ನ ಹೆಗಲು ಹಿಡಿದು ಹತ್ತಿದರು. "ಇಲ್ಲೇ ಇದ್ಬಿಡಿ ಅತ್ತೆಮ್ಮ" ಎಂದೆ. ಹೇಳಬೇಕಾಗಿದ್ದದ್ದು ಅದಲ್ಲ.

"ಅಲ್ಲಿ ಸಂಜೆ ಊಟಕ್ಕೆ ಎಂಟ್ ಜನ ಕಾಯ್ತಿರ್ತಾರೆ ಮಗಳೇ" ಎಂದು ಅವರು ಗಾಡಿಯವನಿಗೆ ಹೊರಡು ಎಂದರು.